ಪ್ಯಾಲೆಸ್ಟೀನಿನ ಒಂದೊಂದು ಊರಿಗೂ ಒಂದೊಂದು ಗುಣ ಹೇಗೆ ಬಂತು?

ನಾಬ್ಲಸ್‌ನಿಂದ ಹೆಬ್ರಾನ್‌ಗೆ ರಸ್ತೆಯಲ್ಲಿ ನೂರು ಕಿಲೋಮೀಟರ್ ಆಸುಪಾಸು. ಎರಡೂ ಬೆಟ್ಟದ ನಾಡಿನ ಹಳೆಯ ಊರುಗಳು. ಎರಡೂ ಕಡೆ ಸುಣ್ಣಕಲ್ಲಿನ ಮನೆ, ಎರಡೂ ಕಡೆ ಅರಬ್ಬಿ ಮಾತು. ಆದರೂ ನಾಬ್ಲಸ್ ಅಂದರೆ ಅಲ್ಲಿಯವರಿಗೆ ನೆನಪಾಗುವುದು ಸಾಬೂನು ಮತ್ತು ಕುನಾಫಾ ಎಂಬ ಸಿಹಿತಿಂಡಿ. ಹೆಬ್ರಾನ್ ಅಂದರೆ ಗಾಜು, ದ್ರಾಕ್ಷಿ, ಚರ್ಮದ ಕೆಲಸ. ಇವೆರಡರ ನಡುವೆ ಇರುವ ಬೆತ್ಲೆಹೆಮ್‌ನಲ್ಲಿ ಮುತ್ತಿನ ಚಿಪ್ಪಿನ ಕೆತ್ತನೆ. ಅಲ್ಲಿಂದ ಗುಡ್ಡ ಇಳಿದರೆ ಬಾತಿರ್ ಎಂಬ ಹಳ್ಳಿ, ಅಲ್ಲಿ ನೀರಿನ ಲೆಕ್ಕಕ್ಕೆ ವಾರಕ್ಕೆ ಎಂಟು ದಿನ! ಇಷ್ಟು ಚಿಕ್ಕ ನಾಡಿನಲ್ಲಿ ಇಷ್ಟೊಂದು ಬಗೆ ಹೇಗೆ ಸಾಧ್ಯವಾಯಿತು?

ಮೊದಲು ನೆಲ ನೋಡೋಣ. ನಡುಭಾಗದಲ್ಲಿ ಮೆಡಿಟರೇನಿಯನ್ ಕಡಲಿನಿಂದ ಜೋರ್ಡಾನ್ ನದಿಗೆ ಇರುವ ದೂರ 70–80 ಕಿಲೋಮೀಟರ್, ಅಷ್ಟೇ. ಅಷ್ಟರಲ್ಲೇ ಮೂರು ಬೇರೆ ಬೇರೆ ಸೀಮೆಗಳಿವೆ. ಪಶ್ಚಿಮಕ್ಕೆ ಕರಾವಳಿಯ ಬಯಲು, ನಡುವೆ ಬೆಟ್ಟಸಾಲು, ಪೂರ್ವಕ್ಕೆ ಜೋರ್ಡಾನ್ ಕಣಿವೆ. ಜೆರುಸಲೇಮ್ ಸಮುದ್ರಮಟ್ಟದಿಂದ 750 ಮೀಟರಿಗೂ ಎತ್ತರದಲ್ಲಿದೆ. ಕೆಲವು ವರ್ಷ ಚಳಿಗಾಲದಲ್ಲಿ ಅಲ್ಲಿ ಹಿಮವೂ ಬೀಳುತ್ತದೆ. ಅಲ್ಲಿಂದ ಸ್ವಲ್ಪವೇ ದೂರದ ಜೆರಿಕೊ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಅಲ್ಲಿ ಬೆಳೆಯುವುದು ಖರ್ಜೂರ ಮತ್ತು ಬಾಳೆ. ಬೆಟ್ಟದ ಮೇಲೆ ಬೀಳುವ ಮಳೆಯಲ್ಲಿ ಮೂರನೇ ಒಂದು ಭಾಗವೂ ಜೆರಿಕೊಗೆ ಸಿಗುವುದಿಲ್ಲ. ಊರನ್ನು ಬದುಕಿಸಿದ್ದು ಮಳೆಯಲ್ಲ, ನೆಲದಿಂದ ಉಕ್ಕುವ ಒರತೆ. ಆ ಒರತೆಯ ಪಕ್ಕದಲ್ಲೇ ಇರುವ ತೆಲ್ ಎಸ್-ಸುಲ್ತಾನ್ ದಿಬ್ಬದಲ್ಲಿ ಹತ್ತು ಸಾವಿರ ವರ್ಷಕ್ಕೂ ಹಿಂದೆ ಜನ ನೆಲೆಸಿದ್ದರು. 2023ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ನೆಲ ಬೇರೆ ಆದರೆ ಬೆಳೆ ಬೇರೆ, ಮನೆ ಬೇರೆ. ಇದು ಎಲ್ಲ ದೇಶಕ್ಕೂ ಹೊಂದುವ ಮಾತು, ಅಲ್ವಾ? ಆದರೆ ಪ್ಯಾಲೆಸ್ಟೀನಿನ ಊರುಗಳ ಗುಣ ನೆಲದಿಂದ ಮಾತ್ರ ಬಂದದ್ದಲ್ಲ. ಒಂದು ಊರು ಇನ್ನೊಂದಕ್ಕೆ ಏನು ಕೊಟ್ಟಿತು, ಅದರಿಂದ ಏನು ಪಡೆಯಿತು ಅನ್ನುವುದರಲ್ಲೇ ಅದರ ಗುಣ ರೂಪುಗೊಂಡಿತು. ಈ ಕೊಡು-ಕೊಳ್ಳುವ ನಂಟು ತಿಳಿಯದಿದ್ದರೆ, ಇವತ್ತು ಅಲ್ಲಿ ಏನು ಹಾಳಾಗುತ್ತಿದೆ ಅನ್ನುವುದೂ ಪೂರ್ತಿ ತಿಳಿಯುವುದಿಲ್ಲ.

ನಾಬ್ಲಸ್ ಸಾಬೂನನ್ನೇ ತೆಗೆದುಕೊಳ್ಳಿ. ಗೆರಿಜಿಮ್ ಮತ್ತು ಎಬಾಲ್ ಎಂಬ ಎರಡು ಬೆಟ್ಟಗಳ ನಡುವಿನ ಕಣಿವೆಯಲ್ಲಿ ನಾಬ್ಲಸ್ ಇದೆ. ಕ್ರಿ.ಶ. 72ರಲ್ಲಿ ರೋಮನ್ನರು ಕಟ್ಟಿದ ನಿಯಾಪೊಲಿಸ್ ಎಂಬ ಊರೇ ಬರುಬರುತ್ತಾ ನಾಬ್ಲಸ್ ಆಯಿತು. ಸುತ್ತಲಿನ ಹಳ್ಳಿಗಳ ತುಂಬ ಆಲಿವ್ ಮರಗಳು. ಹಳ್ಳಿಯ ರೈತ ಎಣ್ಣೆ ತೆಗೆಯುತ್ತಿದ್ದ. ನಗರದ ವ್ಯಾಪಾರಿ ಸುಗ್ಗಿಗೆ ಮುಂಚೆಯೇ ಅವನಿಗೆ ಮುಂಗಡ ಹಣ ಕೊಟ್ಟು, ಸುಗ್ಗಿಯಲ್ಲಿ ಎಣ್ಣೆ ಪಡೆಯುತ್ತಿದ್ದ. ಸಾಬೂನಿಗೆ ಎಣ್ಣೆಯಷ್ಟೇ ಸಾಲದು, ಕ್ಷಾರವೂ ಬೇಕು. ಅದನ್ನು ತರುತ್ತಿದ್ದವರು ಬೆದೂಯಿನ್ ಅಲೆಮಾರಿಗಳು. ಜೋರ್ಡಾನ್ ನದಿಯ ಆಚೆ ಬೆಳೆಯುವ ಒಂದು ಬಗೆಯ ಗಿಡವನ್ನು ಸುಟ್ಟು, ಅದರ ಬೂದಿಯನ್ನು ಒಂಟೆಗಳ ಮೇಲೆ ಹೇರಿಕೊಂಡು ಬರುತ್ತಿದ್ದರು. ಆ ಬೂದಿಗೆ ಸುಣ್ಣ ಬೆರೆಸಿ ಕ್ಷಾರದ ನೀರು ಇಳಿಸುತ್ತಿದ್ದರು. ಹೀಗೆ ಒಂದು ಬಿಲ್ಲೆ ಸಾಬೂನಿನಲ್ಲಿ ಹಳ್ಳಿಯ ಎಣ್ಣೆ, ಮರುಭೂಮಿಯ ಬೂದಿ, ನಗರದ ಬಂಡವಾಳ ಮೂರೂ ಸೇರುತ್ತಿದ್ದವು. ಸಾಬೂನು ಕೈರೋವರೆಗೂ ಹೋಗುತ್ತಿತ್ತು.

ಅದನ್ನು ಮಾಡುವ ಕ್ರಮವೂ ಸೊಗಸು. ಕಾರ್ಖಾನೆಯ ನೆಲದಡಿ ಎಣ್ಣೆಯ ತೊಟ್ಟಿಗಳು. ಕೆಳಮಹಡಿಯಲ್ಲಿ ದೊಡ್ಡ ಕೊಪ್ಪರಿಗೆ. ಅದರಲ್ಲಿ ಎಣ್ಣೆ ಮತ್ತು ಕ್ಷಾರ ದಿನಗಟ್ಟಲೆ ಕುದಿಯಬೇಕು. ಹದ ಬಂತೋ ಇಲ್ಲವೋ ಅಂತ ಪಳಗಿದ ಕೆಲಸಗಾರ ವಾಸನೆ ನೋಡಿ, ಕೈಯಲ್ಲಿ ಮುಟ್ಟಿ ಹೇಳುತ್ತಾನೆ. ಆಮೇಲೆ ಬಿಸಿ ಸಾಬೂನನ್ನು ಮೇಲ್ಮಹಡಿಗೆ ಹೊತ್ತು, ಇಡೀ ನೆಲದ ಮೇಲೆ ಹರಡಿ, ಮಟ್ಟ ಮಾಡುತ್ತಾರೆ. ಗಟ್ಟಿಯಾದ ಮೇಲೆ ಬಣ್ಣದಲ್ಲಿ ಅದ್ದಿದ ದಾರದಿಂದ ಗೆರೆ ಹೊಡೆದು, ಚೌಕಗಳಾಗಿ ಕತ್ತರಿಸಿ, ಪ್ರತಿ ಬಿಲ್ಲೆಗೂ ಮನೆತನದ ಠಸ್ಸೆ ಒತ್ತುತ್ತಾರೆ. ಕೊನೆಗೆ ಆಳೆತ್ತರಕ್ಕಿಂತ ಎತ್ತರದ ಗೋಪುರಗಳಂತೆ ಜೋಡಿಸುತ್ತಾರೆ. ಒಳಗೆ ಟೊಳ್ಳು, ಗಾಳಿ ಆಡಲಿ ಅಂತ. ಹಾಗೆ ಒಣಗಲು ತಿಂಗಳುಗಳೇ ಬೇಕು. ಒಂದು ಕಾಲದಲ್ಲಿ ಮೂವತ್ತರ ಆಸುಪಾಸು ಇದ್ದ ಕಾರ್ಖಾನೆಗಳು ಈಗ ಬೆರಳೆಣಿಕೆಯಷ್ಟು. 2024ರ ಡಿಸೆಂಬರ್‌ನಲ್ಲಿ ಈ ಕಲೆ ಯುನೆಸ್ಕೊದ ಅಮೂರ್ತ ಪರಂಪರೆ ಪಟ್ಟಿಗೆ ಸೇರಿತು.

ಅದೇ ಗೆರಿಜಿಮ್ ಬೆಟ್ಟದ ಮೇಲೆ ಸಮರಿಟನ್ ಎಂಬ ಸಮುದಾಯ ಇದೆ. ಇಡೀ ಜಗತ್ತಿನಲ್ಲಿ ಸಾವಿರದ ಒಳಗಿನ ಜನ. ಅವರದು ಮೋಶೆಯ ಐದು ಗ್ರಂಥಗಳನ್ನು ನಂಬುವ ಬಹಳ ಹಳೆಯ ಧರ್ಮ. ಮನೆಮಾತು ಅರಬ್ಬಿ, ಪೂಜೆಗೆ ಹಳೆಯ ಹೀಬ್ರೂ. ನಾಬ್ಲಸ್‌ನ ಮುಸ್ಲಿಮರು, ಕ್ರೈಸ್ತರ ನಡುವೆ ಅವರೂ ಊರಿನವರೇ.

ಹೆಬ್ರಾನ್‌ನ ಕಥೆ ಬೇರೆ. ಅರಬ್ಬಿಯಲ್ಲಿ ಆ ಊರು ಅಲ್-ಖಲೀಲ್. ಪ್ರವಾದಿ ಇಬ್ರಾಹಿಮರ ಸಮಾಧಿ ಅಲ್ಲಿದೆ ಅಂತ ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ಮೂವರೂ ನಂಬುತ್ತಾರೆ. ಆ ಗುಡಿಗೆ ಸೇರಿದ ಒಂದು ಅನ್ನಛತ್ರ ನೂರಾರು ವರ್ಷಗಳಿಂದ ಬಡವರಿಗೆ ಊಟ ಕೊಡುತ್ತಾ ಬಂದಿದೆ. ಹೆಬ್ರಾನ್‌ನಲ್ಲಿ ಯಾರೂ ಹಸಿದು ಮಲಗುವುದಿಲ್ಲ ಅನ್ನುವುದು ಆ ಊರಿನವರ ಹೆಮ್ಮೆಯ ಮಾತು. ಸುತ್ತಲಿನ ಗುಡ್ಡಗಳಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಹಣ್ಣಾಗಿ ತಿನ್ನುವುದಷ್ಟೇ ಅಲ್ಲ, ರಸ ಕುದಿಸಿ ಕಾಕಂಬಿ ಮಾಡುತ್ತಾರೆ, ಹಾಳೆಯಂತೆ ಹರಡಿ ಒಣಗಿಸಿ ಇಡುತ್ತಾರೆ, ಎಲೆಯಲ್ಲಿ ಅಕ್ಕಿ ತುಂಬಿ ಬೇಯಿಸುತ್ತಾರೆ. ಗಾಜಿನ ಕೆಲಸದವರು ಒಡೆದ ಬಾಟಲಿಗಳನ್ನು ಕರಗಿಸಿ, ಕೊಳವೆಯಲ್ಲಿ ಊದಿ ಕಡುನೀಲಿ ಪಾತ್ರೆಗಳನ್ನು ಮಾಡುತ್ತಾರೆ.

ಹಳೆಯ ಹೆಬ್ರಾನ್‌ನ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಹೆಚ್ಚಿನವು ಮಾಮ್ಲೂಕ್ ಸುಲ್ತಾನರ ಕಾಲದಿಂದ, ಅಂದರೆ 1250ರಿಂದ 1517ರ ನಡುವೆ, ಬೆಳೆದ ಬೀದಿಗಳ ಮೇಲೆ ನಿಂತಿವೆ. 2017ರಲ್ಲಿ ಈ ಹಳೆಪೇಟೆ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, ಜೊತೆಗೇ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಕಾರಣ ಇದೆ. ಇಸ್ರೇಲ್ ಮತ್ತು ಪ್ಯಾಲೆಸ್ಟೀನಿಯರ ನಡುವಿನ 1997ರ ಒಪ್ಪಂದದಲ್ಲಿ ಊರನ್ನೇ ಎರಡು ಭಾಗ ಮಾಡಿದರು. ಹಳೆಪೇಟೆ ಇರುವ ಭಾಗ ಇಸ್ರೇಲಿ ಸೇನೆಯ ಹಿಡಿತದಲ್ಲಿದೆ. ಅಲ್ಲಿ ಇಸ್ರೇಲಿ ವಸಾಹತುಗಾರರೂ ನೆಲೆಸಿದ್ದಾರೆ. ಮೇಲಿನ ಮಹಡಿಗಳಿಂದ ಎಸೆಯುವ ಕಸ ತಲೆಯ ಮೇಲೆ ಬೀಳದಿರಲಿ ಅಂತ ಪೇಟೆಯ ಓಣಿಗಳ ಮೇಲೆ ತಂತಿಬಲೆ ಕಟ್ಟಿದ್ದಾರೆ. ಒಂದು ಕಾಲದಲ್ಲಿ ಗಿಜಿಗುಡುತ್ತಿದ್ದ ಶುಹದಾ ಬೀದಿಯ ಅಂಗಡಿಗಳು ಮುಚ್ಚಿ ದಶಕಗಳಾದವು. ಕಟ್ಟಡ ನಿಂತಿದ್ದರೂ ಪೇಟೆ ಸಾಯಬಹುದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಬೆತ್ಲೆಹೆಮ್ ಯಾತ್ರಿಕರಿಂದ ಬೆಳೆದ ಊರು. ಯೇಸು ಹುಟ್ಟಿದ ಜಾಗದ ಚರ್ಚ್‌ಗೆ ಬರುವವರಿಗೆ ಶಿಲುಬೆ, ಜಪಮಾಲೆ ಬೇಕಿತ್ತು. ಆಲಿವ್ ಮರ ಮತ್ತು ಮುತ್ತಿನ ಚಿಪ್ಪಿನ ಕೆತ್ತನೆ ಅಲ್ಲಿಂದ ಬೆಳೆಯಿತು. ಅದನ್ನು ಮಾರಲು ಹೊರಟ ವ್ಯಾಪಾರಿಗಳು 19ನೇ ಶತಮಾನದಲ್ಲೇ ಅಮೆರಿಕ ಮುಟ್ಟಿದರು. ಅವರ ಹಿಂದೆ ಹೋದ ಕುಟುಂಬಗಳಿಂದಾಗಿ, ಮಧ್ಯಪ್ರಾಚ್ಯದ ಹೊರಗೆ ಅತಿ ಹೆಚ್ಚು ಪ್ಯಾಲೆಸ್ಟೀನಿಯರು ಇರುವುದು ಇವತ್ತು ದಕ್ಷಿಣ ಅಮೆರಿಕದ ಚಿಲಿಯಲ್ಲಿ.

ಇನ್ನು ಹಳ್ಳಿಗಳು. ನನ್ನ ಮಟ್ಟಿಗೆ ಇದೇ ಈ ವಿಷಯದ ತಿರುಳು. ನಗರಗಳ ಬಗ್ಗೆ ಬರೆದವರು ಬಹಳ ಜನ, ಆದರೆ ನೂರು ವರ್ಷದ ಹಿಂದೆ ಹೆಚ್ಚಿನ ಪ್ಯಾಲೆಸ್ಟೀನಿಯರು ಬದುಕಿದ್ದು ಹಳ್ಳಿಗಳಲ್ಲಿ.

ಬೆಟ್ಟದ ಹಳ್ಳಿಯ ಹಳೆಯ ಮನೆ ಅಂದರೆ ಒಂದೇ ದೊಡ್ಡ ಕೋಣೆ. ಗೋಡೆಗಳು ಒಂದು ಮೀಟರ್‌ವರೆಗೂ ದಪ್ಪ. ಮೇಲೆ ನಾಲ್ಕು ಮೂಲೆಯಿಂದ ಎದ್ದು ನಡುವೆ ಸೇರುವ ಕಲ್ಲಿನ ಕಮಾನು ಚಾವಣಿ. ಮರ ಕಡಿಮೆ, ಕಲ್ಲು ಜಾಸ್ತಿ ಇರುವ ನಾಡಿನ ಉಪಾಯ ಅದು. ಒಳಗೆ ಎರಡು ಮಟ್ಟ. ತಗ್ಗಿನ ಭಾಗದಲ್ಲಿ ದನ, ಕುರಿ, ಕತ್ತೆ. ಎತ್ತರದ ಜಗಲಿಯಂಥ ಭಾಗದಲ್ಲಿ ಮನೆಮಂದಿ. ಚಳಿಗಾಲದಲ್ಲಿ ಪ್ರಾಣಿಗಳ ಮೈಶಾಖ ಮೇಲಿನವರಿಗೂ ಸಿಗುತ್ತಿತ್ತು. ಗೋಡೆ, ಕಮಾನು ಗಂಡಸರ ಕೆಲಸ. ಮಣ್ಣಿಗೆ ಹುಲ್ಲು ಕಲಸಿ ಗೋಡೆಗೆ ಆನಿಸಿ ಕಟ್ಟುವ ಕಣಜಗಳು ಹೆಂಗಸರ ಕೆಲಸ. ಗೋಧಿ, ಬೇಳೆ, ಒಣ ಅಂಜೂರ ಎಲ್ಲ ಅದರಲ್ಲಿ. ಕಣಜದ ಮೇಲೆ ಚಿತ್ತಾರವನ್ನೂ ಬಿಡಿಸುತ್ತಿದ್ದರು.

ಕಮಾನು ಮುಚ್ಚುವ ದಿನ ಊರಿನವರೆಲ್ಲ ಬರುತ್ತಿದ್ದರು. ಕಲ್ಲು, ಗಾರೆ ಕೈಯಿಂದ ಕೈಗೆ ಸಾಗುತ್ತಿತ್ತು. ಕೆಲಸ ಮುಗಿದ ಮೇಲೆ ಮನೆಯವರಿಂದ ಎಲ್ಲರಿಗೂ ಊಟ. ಕೂಲಿ ಇಲ್ಲ, ಮುಯ್ಯಿಗೆ ಮುಯ್ಯಿ. ಆಲಿವ್ ಕೊಯ್ಲಿಗೂ ಇದೇ ಕ್ರಮ. ಅಕ್ಟೋಬರ್, ನವೆಂಬರ್‌ನಲ್ಲಿ ಶಾಲೆಯ ಮಕ್ಕಳಿಂದ ಅಜ್ಜ-ಅಜ್ಜಿಯವರೆಗೆ ಎಲ್ಲರೂ ಮರಗಳಡಿ ಸೇರುತ್ತಾರೆ. ಹೊಸ ಎಣ್ಣೆ ಬಂತೆಂದರೆ ಮುಸಖನ್ ಮಾಡಲೇಬೇಕು. ಬಿಸಿ ಕಲ್ಲುಗಳ ಮೇಲೆ ಸುಟ್ಟ ರೊಟ್ಟಿ, ಅದರ ಮೇಲೆ ಎಣ್ಣೆಯಲ್ಲಿ ಬೆಂದ ರಾಶಿ ಈರುಳ್ಳಿ, ಹುಳಿಯ ಸುಮಾಕ್ ಪುಡಿ, ಕೋಳಿ. ಎಣ್ಣೆ ಮೊಣಕೈವರೆಗೂ ಇಳಿಯಬೇಕು.

ಎಲ್ಲ ಹಳ್ಳಿಗಳೂ ಇಷ್ಟು ಸರಳ ಅಂದುಕೊಳ್ಳಬೇಡಿ. ಆಟೋಮನ್ ತುರ್ಕರ ಕಾಲದಲ್ಲಿ ಬೆಟ್ಟದ ನಾಡನ್ನು ಸುಮಾರು 24 ಮುಖ್ಯ ಹಳ್ಳಿಗಳಿಂದ ಆಳುತ್ತಿದ್ದರು. ಅಲ್ಲಿದ್ದ ಶೇಖ್‌ಗಳೇ ಕಂದಾಯ ಎತ್ತುತ್ತಿದ್ದರು. ದೇರ್ ಘಸ್ಸಾನೆ, ರಾಸ್ ಕರ್ಕರ್, ಸನೂರ್‌ನಂಥ ಹಳ್ಳಿಗಳಲ್ಲಿ ಅವರ ಕೋಟೆಯಂಥ ಮನೆಗಳು ಇವತ್ತಿಗೂ ಕಾಣಸಿಗುತ್ತವೆ. ಹೊರಗಿನಿಂದ ಎತ್ತರದ ಗೋಡೆ, ಒಳಗೆ ನಗರದ ಶ್ರೀಮಂತರ ಮನೆಗಳಂಥ ಅಂಗಳ.

ಕರಾವಳಿಯಲ್ಲಿ, ಅದರಲ್ಲೂ ದಕ್ಷಿಣದ ಬಯಲಿನಲ್ಲಿ, ಒಳ್ಳೆಯ ಕಲ್ಲು ಸುಲಭಕ್ಕೆ ಸಿಗುತ್ತಿರಲಿಲ್ಲ. ಹಾಗಾಗಿ ಹಳ್ಳಿಗಳ ಮನೆ ಹೆಚ್ಚಾಗಿ ಹಸಿ ಇಟ್ಟಿಗೆಯವು. ಇದಕ್ಕೊಂದು ನೋವಿನ ಪರಿಣಾಮ ಇದೆ, ಮುಂದೆ ಹೇಳುತ್ತೇನೆ.

ಬಾತಿರ್‌ನ ಎಂಟು ದಿನದ ವಾರಕ್ಕೆ ಬರೋಣ. ಜೆರುಸಲೇಮಿನ ನೈಋತ್ಯಕ್ಕೆ ಇರುವ ಈ ಹಳ್ಳಿಯ ಗುಡ್ಡದ ತುಂಬ ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಒಡ್ಡುಗಳು, ಮೆಟ್ಟಿಲು ಮೆಟ್ಟಿಲಾಗಿ ತೋಟಗಳು. ಒರತೆಯ ನೀರು ರೋಮನ್ನರ ಕಾಲದ ಕೊಳಕ್ಕೆ ಬಂದು ಬೀಳುತ್ತದೆ. ಹಳ್ಳಿಯಲ್ಲಿ ಎಂಟು ಮುಖ್ಯ ಮನೆತನಗಳು. ಒಂದೊಂದಕ್ಕೆ ಒಂದೊಂದು ದಿನದ ನೀರು. ಒಂಬತ್ತನೇ ದಿನ ಸರದಿ ಮತ್ತೆ ಮೊದಲ ಮನೆತನಕ್ಕೆ. ಅಲ್ಲಿನ ಬದನೆಕಾಯಿಗೆ ಸುತ್ತಲ ಪೇಟೆಗಳಲ್ಲಿ ದೊಡ್ಡ ಹೆಸರು. ಕಡಲ ತೀರದ ಯಾಫಾದಿಂದ ಜೆರುಸಲೇಮಿಗೆ 1892ರಲ್ಲಿ ಶುರುವಾದ ರೈಲುದಾರಿ ಇದೇ ಕಣಿವೆಯಲ್ಲಿ ಹೋಗುತ್ತದೆ. ಹೆಂಗಸರು ತರಕಾರಿ ಬುಟ್ಟಿ ಹೊತ್ತು ರೈಲು ಹತ್ತಿ ಜೆರುಸಲೇಮಿಗೆ ಹೋಗುತ್ತಿದ್ದರು.

ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಬಾತಿರ್‌ನ ಹೆಚ್ಚಿನವರು ಓಡಿಹೋದರು. ಉಳಿದ ಕೆಲವರು ಹಸನ್ ಮುಸ್ತಫಾ ಎಂಬ ಊರಿನ ಮೇಷ್ಟ್ರ ಮಾತು ಕೇಳಿ ಖಾಲಿ ಮನೆಗಳಲ್ಲಿ ದೀಪ ಹಚ್ಚಿದರು, ಬಟ್ಟೆ ಒಣಹಾಕಿದರು. ಊರಲ್ಲಿ ಜನ ತುಂಬಿದ್ದಾರೆ ಅನ್ನಿಸಬೇಕಿತ್ತು. 1949ರ ಕದನವಿರಾಮದ ಗೆರೆ ರೈಲುದಾರಿಯ ಮೇಲೆ ಹಾದುಹೋಯಿತು. ರೈಲಿಗೆ ತೊಂದರೆ ಮಾಡುವುದಿಲ್ಲ ಎಂಬ ಮಾತಿನ ಮೇಲೆ ಗೆರೆಯ ಆಚೆಗಿನ ತಮ್ಮ ಜಮೀನನ್ನೂ ಬಾತಿರ್‌ನವರು ಉಳಿಸಿಕೊಂಡರು. ಮುಂದೆ ಇಸ್ರೇಲ್ ತನ್ನ ತಡೆಗೋಡೆಯನ್ನು ಈ ತೋಟಗಳ ನಡುವೆ ಎಬ್ಬಿಸಲು ಹೊರಟಿತು. ಊರಿನವರು ಕೋರ್ಟ್‌ಗೆ ಹೋದರು. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಊರಿನ ಹೆಸರು ಬಂತು. ಗೋಡೆ ಅಲ್ಲಿ ಏಳಲಿಲ್ಲ.

ಬೇರೆ ಹಳ್ಳಿಗಳಿಗೆ ಆ ಅದೃಷ್ಟ ಇರಲಿಲ್ಲ. 1948ರಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ನೆಲೆ ಕಳೆದುಕೊಂಡರು. 400ಕ್ಕೂ ಹೆಚ್ಚು ಹಳ್ಳಿಗಳು ಬರಿದಾದವು. ಆಮೇಲೆ ಹೆಚ್ಚಿನವನ್ನು ಕೆಡವಲಾಯಿತು. ಹಸಿ ಇಟ್ಟಿಗೆಯ ಮನೆಗಳು ಕೆಲವೇ ಮಳೆಗಾಲದಲ್ಲಿ ಮಣ್ಣಾದವು. ಹೀಗಾಗಿ ದಕ್ಷಿಣ ಬಯಲಿನ ಹಳ್ಳಿಗಳ ಗುರುತು ಬೇಗ ಅಳಿಸಿಹೋಯಿತು. ಎಷ್ಟೋ ಕಡೆ ಉಳಿದಿರುವುದು ಹೊಲದ ಬೇಲಿಗೆ ನೆಟ್ಟಿದ್ದ ಪಾಪಾಸುಕಳ್ಳಿ ಮಾತ್ರ. ಅಲ್ಲೇ ಬೇರೂರಿ ಉಳಿದ ಆ ಕಳ್ಳಿ ಸಾಲು ನೋಡಿಯೇ ಇಲ್ಲೊಂದು ಊರಿತ್ತು ಅಂತ ಹೇಳಬಹುದು. ಜೆರುಸಲೇಮಿನ ಅಂಚಿನ ಲಿಫ್ತಾ ಇದಕ್ಕೆ ಅಪವಾದ. ಅಲ್ಲಿ ಹಳೆಯ ಕಲ್ಲಿನ ಮನೆಗಳು ಎಷ್ಟೋ ಇನ್ನೂ ನಿಂತಿವೆ, ಮನೆಯವರಿಲ್ಲ.

ಊರು ಹೋದರೂ ಊರಿನ ಹೆಸರು ಹೋಗಲಿಲ್ಲ. ನಾಬ್ಲಸ್ ಪಕ್ಕದ ಬಲಾತಾ ನಿರಾಶ್ರಿತರ ಶಿಬಿರ 1950ರಲ್ಲಿ ಶುರುವಾಯಿತು. ಅಲ್ಲಿರುವ ಹೆಚ್ಚಿನ ಕುಟುಂಬಗಳು ಯಾಫಾ ಮತ್ತು ಅದರ ಸುತ್ತಲಿನ ಹಳ್ಳಿಗಳವು. ಶಿಬಿರಗಳಲ್ಲಿ ಒಂದೇ ಹಳ್ಳಿಯವರು ಒಟ್ಟಿಗೆ ಗುಡಾರ ಹಾಕಿದರು. ಆಮೇಲೆ ಆ ಕೇರಿಗೂ ಹಳ್ಳಿಯದೇ ಹೆಸರು ಬಂತು. ಅಲ್ಲೇ ಹುಟ್ಟಿ ಬೆಳೆದ ಮೊಮ್ಮಗುವನ್ನು ಯಾವೂರು ಅಂತ ಕೇಳಿದರೆ, ತಾನು ನೋಡದ ಹಳ್ಳಿಯ ಹೆಸರು ಹೇಳುತ್ತದೆ.

ಊರನ್ನು ಗುರುತಿಸಲು ಇನ್ನೆರಡು ದಾರಿಗಳಿವೆ. ಒಂದು ಮಾತಿನ ಉಚ್ಚಾರ. ಗಂಟಲಿನ ಆಳದಿಂದ ಬರುವ ಅರಬ್ಬಿಯ ಒಂದು ‘ಕ’ ಅಕ್ಷರವನ್ನು ಹಳೆಯ ನಗರದವರು ಬಹುತೇಕ ನುಂಗಿಬಿಡುತ್ತಾರೆ. ಹಳ್ಳಿಯವರು ಅದನ್ನು ಸಾದಾ ‘ಕ’ ಮಾಡುತ್ತಾರೆ. ಬೆದೂಯಿನ್ನರ ಬಾಯಲ್ಲಿ ಅದು ‘ಗ’. ಕಾಫಿಗೆ ಹೇಳಿದ ಮಾತಿನಲ್ಲೇ ಇವರು ಎಲ್ಲಿಯವರು ಅಂತ ಗೊತ್ತಾಗಿಬಿಡುತ್ತದೆ.

ಇನ್ನೊಂದು ಹೆಂಗಸರ ಕಸೂತಿ. ಹಿಂದೆ ಉಡುಪು ನೋಡಿದರೆ ಸಾಕಿತ್ತು, ಊರು ತಿಳಿಯುತ್ತಿತ್ತು. ರಾಮಲ್ಲಾದವರದು ಬಿಳಿ ನಾರುಬಟ್ಟೆಯ ಮೇಲೆ ಕೆಂಪು ರೇಷ್ಮೆಯ ಅಡ್ಡಹೊಲಿಗೆ. ಬೆತ್ಲೆಹೆಮ್‌ನವರದು ಜರಿದಾರವನ್ನು ಬಟ್ಟೆಯ ಮೇಲಿಟ್ಟು ಸುತ್ತಿ ಸುತ್ತಿ ಕೂರಿಸುವ ಕೆಲಸ. ಗಾಜಾ ಸೀಮೆಯವರದು ಮಜ್ದಲ್ ಊರಿನ ನೇಕಾರರ ಪಟ್ಟೆ ಬಟ್ಟೆ. ಸೈಪ್ರೆಸ್ ಮರ, ಚಂದ್ರ, ತಾಯಿತ, ಪಾಶಾನ ಗುಡಾರ ಹೀಗೆ ಒಂದೊಂದು ಚಿತ್ತಾರಕ್ಕೂ ಒಂದು ಹೆಸರು. ಇದು ಯಾವತ್ತೂ ಕದಲದ ಕಲೆ ಅಂದುಕೊಂಡರೆ ತಪ್ಪು. 1930ರ ದಶಕದ ಹೊತ್ತಿಗೆ ಫ್ರಾನ್ಸಿನ ಹತ್ತಿ ದಾರ, ಅದರ ಜೊತೆ ಯೂರೋಪಿನ ಚಿತ್ತಾರದ ಪುಸ್ತಕಗಳು ಬಂದವು. ಹೂವು, ಹಕ್ಕಿಗಳು ಸೇರಿಕೊಂಡವು. 1980ರ ದಶಕದ ಕೊನೆಯಲ್ಲಿ ಇಸ್ರೇಲಿ ಹಿಡಿತದ ವಿರುದ್ಧ ಎದ್ದ ಬಂಡಾಯದ ಹೊತ್ತಿನಲ್ಲಿ, ಬಾವುಟ ಹಿಡಿಯುವಂತಿಲ್ಲ ಅಂದಾಗ, ಹೆಂಗಸರು ಬಾವುಟದ ಬಣ್ಣಗಳನ್ನೇ ಉಡುಪಿನ ಮೇಲೆ ಹೊಲಿದುಕೊಂಡರು. 2021ರಲ್ಲಿ ಈ ಕಸೂತಿಯೂ ಯುನೆಸ್ಕೊ ಪಟ್ಟಿಗೆ ಸೇರಿತು.

ಕಡಲ ತೀರದ ನಗರಗಳು ಹೊರಗಿನ ಜಗತ್ತಿಗೆ ಬಾಗಿಲುಗಳಾಗಿದ್ದವು. ಅಕ್ಕಾ ಹತ್ತಿ ಮಾರಿ ಬೆಳೆಯಿತು, 1799ರಲ್ಲಿ ನೆಪೋಲಿಯನ್ನನ ಮುತ್ತಿಗೆಯನ್ನೂ ತಾಳಿತು. ಯಾಫಾ ಕಿತ್ತಳೆಯಿಂದ ಬೆಳೆಯಿತು. ಅಲ್ಲಿನ ಶಮೂತಿ ತಳಿಗೆ ಸಿಪ್ಪೆ ದಪ್ಪ, ಬೀಜ ಕಡಿಮೆ. ಹಡಗಿನಲ್ಲಿ ವಾರಗಟ್ಟಲೆ ಇದ್ದರೂ ಕೆಡುತ್ತಿರಲಿಲ್ಲ. ಹೈಫಾ ಬೆಳೆದದ್ದು ರೈಲು ಮತ್ತು ಬಂದರಿನಿಂದ. ಆ ಊರಿಗೂ ನಮಗೂ ಒಂದು ನಂಟಿದೆ. 1918ರ ಸೆಪ್ಟೆಂಬರ್ 23ರಂದು ಆಟೋಮನ್ನರಿಂದ ಹೈಫಾವನ್ನು ಗೆದ್ದ ಕುದುರೆ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕವಿದೆ. ಜೆರುಸಲೇಮಿನ ಹಳೆಪೇಟೆಯಲ್ಲೂ ಭಾರತದ ಗುರುತಿದೆ. ಪಂಜಾಬಿನ ಸೂಫಿ ಬಾಬಾ ಫರೀದರು ತಂಗಿದ್ದರು ಎಂದು ನಂಬುವ ಜಾಗದಲ್ಲಿ ಭಾರತೀಯರ ಛತ್ರ ಇವತ್ತಿಗೂ ನಡೆಯುತ್ತಿದೆ.

ಗಾಜಾ ಕೂಡ ಬಹಳ ಹಳೆಯ ಬಾಗಿಲು. ಅರೇಬಿಯಾದಿಂದ ಧೂಪ ಹೊತ್ತ ಒಂಟೆ ಸಾಲುಗಳು ಕಡಲು ಸೇರುತ್ತಿದ್ದದ್ದು ಅಲ್ಲಿ. ಊಟದಲ್ಲೂ ಗಾಜಾ ಬೇರೆಯೇ. ಬೆಟ್ಟದವರ ಅಡುಗೆ ಸೌಮ್ಯ, ಗಾಜಾದವರಿಗೆ ಮೆಣಸಿನಕಾಯಿ ಬೇಕೇ ಬೇಕು. ಮಣ್ಣಿನ ಬಟ್ಟಲಲ್ಲಿ ಬೆಳ್ಳುಳ್ಳಿ, ಹಸಿಮೆಣಸು, ಸಬ್ಬಸಿಗೆ ಜಜ್ಜಿ ಟೊಮೆಟೊ ಬೆರೆಸುತ್ತಾರೆ. 1948ರಲ್ಲಿ ಮಜ್ದಲ್ ಬಿಡಬೇಕಾಗಿ ಬಂದ ನೇಕಾರರು ತಮ್ಮ ಕಸುಬನ್ನು ಗಾಜಾಗೇ ತಂದಿದ್ದರು. 2023ರ ಅಕ್ಟೋಬರ್‌ನಿಂದ ಶುರುವಾದ ಯುದ್ಧದಲ್ಲಿ ಈ ಊರು ಬಹುಪಾಲು ನೆಲಸಮವಾಗಿದೆ. ಹಳೆಯ ಚರ್ಚ್ ಒಂದರ ಜಾಗದಲ್ಲಿ ಎದ್ದು, ನಡುವೆ ಕ್ರುಸೇಡರ ಚರ್ಚ್ ಆಗಿ, ಮತ್ತೆ ಮಸೀದಿಯಾದ ಮಹಾ ಒಮರಿ ಮಸೀದಿ 2023ರ ಡಿಸೆಂಬರ್‌ನಲ್ಲಿ ಬಹುತೇಕ ಕುಸಿಯಿತು. ನೂರಕ್ಕೂ ಹೆಚ್ಚು ಪಾರಂಪರಿಕ ತಾಣಗಳಿಗೆ ಹಾನಿಯಾಗಿರುವುದನ್ನು ಯುನೆಸ್ಕೊ ಖಚಿತಪಡಿಸಿದೆ. ಕಟ್ಟಡಗಳ ಜೊತೆ ಅವನ್ನು ಬಲ್ಲ ಕೈಗಳೂ ಹೋಗಿವೆ.

ನಾಬ್ಲಸ್, ಹೆಬ್ರಾನ್ ಎಲ್ಲ ಇರುವ ವೆಸ್ಟ್ ಬ್ಯಾಂಕ್‌ನಲ್ಲಿ ಹಾನಿ ಬೇರೆ ಬಗೆಯದು. 1995ರ ಒಪ್ಪಂದ ಆ ನೆಲವನ್ನು ಎ, ಬಿ, ಸಿ ಅಂತ ಹಂಚಿತು. ಸುಮಾರು 60 ಶೇಕಡಾ ನೆಲ ಸಿ ವಲಯ, ಅಂದರೆ ಪೂರ್ತಿ ಇಸ್ರೇಲಿ ಹಿಡಿತ. ಅಲ್ಲಿ ಪ್ಯಾಲೆಸ್ಟೀನಿಯರಿಗೆ ಮನೆ ಕಟ್ಟಲು ಅನುಮತಿ ಸಿಗುವುದೇ ಅಪರೂಪ. ಹಳ್ಳಿಯ ಮನೆಗಳು ಒಂದು ವಲಯದಲ್ಲಿ, ಅದೇ ಹಳ್ಳಿಯ ಆಲಿವ್ ಮರಗಳು ಇನ್ನೊಂದರಲ್ಲಿ. ನಡುವೆ ವಸಾಹತು, ಗೋಡೆ, ತಪಾಸಣಾ ಗೇಟು. ಹಳ್ಳಿಯ ಎಣ್ಣೆ, ಮರುಭೂಮಿಯ ಬೂದಿ, ನಗರದ ಬಂಡವಾಳ ಸೇರಿ ಸಾಬೂನು ಆಗಿದ್ದ ನಾಡಿನಲ್ಲಿ ದಾರಿ ಮುಚ್ಚಿದರೆ ಪೇಟೆಯೂ ಬಡವಾಗುತ್ತದೆ, ಹಳ್ಳಿಯೂ ಬಡವಾಗುತ್ತದೆ. ಸುಮ್ನೆ ಹಳೆಯ ಗೋಡೆಗೆ ಗಾರೆ ಮೆತ್ತಿದರೆ ಊರಿನ ಗುಣ ಉಳಿಯುವುದಿಲ್ಲ.

ಇದನ್ನು ಚೆನ್ನಾಗಿ ಅರಿತವರು ರಿವಾಕ್ ಸಂಸ್ಥೆಯವರು. ವಾಸ್ತುಶಿಲ್ಪಿ ಸುಆದ್ ಅಮಿರಿ 1991ರಲ್ಲಿ ರಾಮಲ್ಲಾದಲ್ಲಿ ಇದನ್ನು ಶುರುಮಾಡಿದರು. ವರ್ಷಗಟ್ಟಲೆ ಊರೂರು ತಿರುಗಿ ಸುಮಾರು 50 ಸಾವಿರ ಹಳೆಯ ಕಟ್ಟಡಗಳನ್ನು ದಾಖಲಿಸಿದರು. ಅವುಗಳಲ್ಲಿ ಅರ್ಧದಷ್ಟು ಬರೀ 50 ಹಳ್ಳಿಗಳಲ್ಲಿವೆ ಅಂತ ಗೊತ್ತಾದಾಗ, ಮೊದಲು ಆ 50 ಹಳ್ಳಿಗಳನ್ನೇ ಹಿಡಿದರು. ಒಂದೊಂದು ಕಟ್ಟಡದ ಬದಲು ಇಡೀ ಹಳೆಯ ಕೇರಿಯನ್ನು ಸರಿಮಾಡುವುದು ಅವರ ಕ್ರಮ. ಕೆಲಸ ಊರಿನ ಮೇಸ್ತ್ರಿಗಳಿಗೇ ಸಿಗಬೇಕು, ಕಲ್ಲು, ಸುಣ್ಣ ಅಲ್ಲಿನದೇ ಇರಬೇಕು. ರಿಪೇರಿಯಾದ ಮನೆಗೆ ಒಂದು ಕೆಲಸ ಇರಬೇಕು: ಮಕ್ಕಳ ಗ್ರಂಥಾಲಯ, ಹೆಂಗಸರ ಸಹಕಾರ ಸಂಘ, ಕ್ಲಿನಿಕ್, ಇಲ್ಲವೇ ಬಾಡಿಗೆ ಮನೆ. ಬಿರ್ಜೇತ್ ಊರಿನ ಹಳೆಯ ಕೇರಿ ಹೀಗೆ ಮತ್ತೆ ಜನರಿಂದ ತುಂಬಿತು. 2013ರಲ್ಲಿ ಆ ಕೆಲಸಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.